ಕಿವಿಗೊಂದು ಮದುವೆ

ಮಗಳು ಹುಡುಗನನ್ನು ತಾನೇ ಹುಡುಕಿಕೊಂಡಿದ್ದಳು. ನಮಗೆ ಉಳಿದಿದ್ದು ಒಪ್ಪುವ ಕೆಲಸ ಮಾತ್ರ, ಅದನ್ನೂ ಒಂದು ಭಾನುವಾರ ಮಾಡಿ ಮುಗಿಸಿದೆವು. ಇನ್ನು ತಲೆಬಿಸಿ ಇಲ್ಲ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಅವಳು ಬಂದು, ಮದುವೆಗೆ ಕ್ಯಾಂಡಿಡ್ ಫೋಟೋದವರು ಬೇಕು ಎಂದಳು.

ನಾನು ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಾ ಕೂತಿದ್ದೆ. ಮನೆಯ ಬೀದಿ ಬದಿಯ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಸುತ್ತಮುತ್ತಲಿನವರು ದಪ್ಪಗಾದರೂ ಸಣ್ಣಗಾದರೂ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ನನಗೆ.

"ಅಂದ್ರೇನೇ ಅದು?" ಎಂದೆ.

"ನಾವು ಕ್ಯಾಮೆರಾ ಕಡೆ ನೋಡೋದೇ ಇಲ್ಲಮ್ಮ. ನಮ್ಮ ಪಾಡಿಗೆ ನಾವಿರ್ತೀವಿ. ಅವರು ನಮಗೆ ಗೊತ್ತಾಗದ ಹಾಗೆ ತೆಗೀತಾ ಹೋಗ್ತಾರೆ."

"ನಮಗೆ ಗೊತ್ತಾಗದ ಹಾಗೆ ಮನೆಯೊಳಗೆ ಓಡಾಡೋರನ್ನ ಕಳ್ಳರು ಅಂತಾರೆ. ಅವರನ್ನ ನಾವೇ ಫೋನ್ ಮಾಡಿ ಕರೆಸ್ಬೇಕಾ?"

ಮೂಲೆಯಿಂದ ಅತ್ತೆ ನಕ್ಕರು. ಅತ್ತೆ ಎಂದರೆ ನನ್ನ ಗಂಡನ ತಾಯಿ, ಮಗಳಿಗೆ ಅಜ್ಜಿ. ಅವರಿಗೆ ಕಣ್ಣು ಕಾಣದೆ ಬಹಳ ವರ್ಷಗಳಾದವು. ಹಗಲೆಲ್ಲ ನನ್ನ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಕೇಳಿಯೇ ಬಂದ ಗಿರಾಕಿ ಯಾರು, ಬಟ್ಟೆ ಒಯ್ಯಲು ಬಂದಿದ್ದಾರೋ ಜಗಳಕ್ಕೆ ಬಂದಿದ್ದಾರೋ ಎಂದು ಹೇಳಿಬಿಡುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ. ಮನೆಯಲ್ಲಿ ಬೇರೆ ಯಾರಿಗೂ ಅದಕ್ಕೆ ಪುರುಸೊತ್ತಿಲ್ಲ.

"ಕೇಳಿದ್ದನ್ನ ಕೊಡ್ಸೇ," ಎಂದರು ಅತ್ತೆ. "ನಿನ್ನ ಮಗನ ಮದುವೇಲಿ ತೆಗೆಸಿದ ಫೋಟೋ ಏನು ಚಂದ ಇತ್ತು?"

"ಚಂದ ಇರ್ಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಆ ಆಲ್ಬಮ್ಮನ್ನ ಯಾರೂ ಎರಡನೇ ಸಲ ತಿರುವಿ ಹಾಕಿದ ಸದ್ದು ನಂಗೆ ಕೇಳ್ಲಿಲ್ಲ."

ಮಾತು ನಿಜವೇ ಆಗಿತ್ತು. ಮಗನ ಮದುವೆಯ ಫೋಟೋದವನು ಒಬ್ಬೊಬ್ಬರ ಗಲ್ಲವನ್ನೂ ಕೈಯಲ್ಲಿ ಹಿಡಿದು ಎತ್ತಿ, ಭುಜ ಇಳಿಸಿ, ಉಸಿರು ಬಿಗಿಹಿಡಿಸಿ ತೆಗೆದಿದ್ದ. ಆಲ್ಬಮ್ಮಿನಲ್ಲಿ ನಾವೆಲ್ಲ ಹಲ್ಲು ಕೀಳಿಸಿಕೊಳ್ಳಲು ಸಾಲಾಗಿ ನಿಂತವರ ಹಾಗಿದ್ದೆವು. ನನ್ನ ಗಂಡ ಶಾಲೆಯ ಮೇಷ್ಟ್ರು. ಅವರ ನಗುವಂತೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಸ್ತ್ರಿ ಹಾಕಿಟ್ಟಂತೆ ಒಂದೇ ಸಮ.

ಹಾಗಾಗಿ ಮುಂದಿನ ಭಾನುವಾರ ಕ್ಯಾಂಡಿಡ್ ಜೋಡಿ ಬಂದಿತು. ಫೋಟೋ ತೆಗೆಯುವವನು ಉದ್ದನೆಯ ಮನುಷ್ಯ, ಬಾಗಿಲಿಗೆ ತಲೆ ತಗುಲೀತೆಂದು ಬಗ್ಗಿಯೇ ಬಂದ. ವಿಡಿಯೋ ಮಾಡುವವಳು ಕುಳ್ಳನೆಯ ಹುಡುಗಿ, ಕುತ್ತಿಗೆಯ ಸುತ್ತ ದೊಡ್ಡ ಹೆಡ್‌ಫೋನು. ಅವರು ಕೂರುವ ಮೊದಲೇ ನನ್ನ ನಾದಿನಿ ಹಾಜರಾದಳು. ಅವಳಿರುವುದು ಎರಡು ಬೀದಿ ಆಚೆ, ಆದರೆ ನಮ್ಮ ಮನೆಗೆ ಯಾರು ಬಂದರೂ ನಮಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತದೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪರೀಕ್ಷೆಗೆ ಕೂತರು. "ನಿಮ್ಮ ಕಾರ್ಯವಿಧಾನ ಏನು, ಸ್ವಲ್ಪ ವಿವರಿಸಿ."

"ಸರ್, ನಾವಿದ್ದೀವಿ ಅಂತಾನೇ ನಿಮಗೆ ಅನ್ನಿಸ್ಬಾರ್ದು. ಗಾಳಿ ಥರ ಇರ್ತೀವಿ," ಎಂದ ಉದ್ದನೆಯವನು.

"ಆ ಬೂಟು ಹಾಕ್ಕೊಂಡಾ?" ಎಂದರು ಅತ್ತೆ.

ಅವನು ಕಾಲು ಹಿಂದಕ್ಕೆಳೆದುಕೊಂಡ. ಬೂಟು ಕಿರ್ ಎಂದಿತು. ಮಗಳು ದುಪ್ಪಟ್ಟಾ ಬಾಯಿಗೆ ಒತ್ತಿಕೊಂಡಳು.

ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ಅವರ ಲ್ಯಾಪ್‌ಟಾಪ್ ಇಟ್ಟೆವು. ಹಿಂದೆ ಮಾಡಿದ ಒಂದು ಮದುವೆಯ ಚಿತ್ರ ತೋರಿಸಿದರು. ಮದುಮಗಳು ನಿಧಾನವಾಗಿ ತಿರುಗುತ್ತಾಳೆ, ಕೂದಲು ನಿಧಾನವಾಗಿ ಹಾರುತ್ತದೆ, ಅವಳ ಅಪ್ಪ ಇನ್ನೂ ನಿಧಾನವಾಗಿ ಕಣ್ಣೊರೆಸಿಕೊಳ್ಳುತ್ತಾನೆ. ಹಿಂದೆ ಒಂದು ಹಾಡು, ಅದರ ಹಿಂದೆ ಪಿಟೀಲು. ನಾದಿನಿ ಯಾರದೋ ಮದುವೆಗೆ ಮೂಗು ಸುರಿಸಿಕೊಂಡು ಅತ್ತಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೈಗೆ ಸಿಕ್ಕ ಬಟ್ಟೆಯ ತುಂಡಿನಲ್ಲಿ ನಾನೂ ಕಣ್ಣೊರೆಸಿಕೊಂಡೆ. ಆ ಹುಡುಗಿ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಡು ಮುಗಿದ ಮೇಲೆ ಅತ್ತೆ ಕೇಳಿದರು, "ಹುಡುಗಿ ಅಪ್ಪಂಗೆ ಏನಂದ್ಲು?"

ಎಲ್ಲರೂ ಮೇಷ್ಟ್ರ ಮುಖ ನೋಡಿದೆವು.

"ಅಪ್ಪ ಏನಂದ?"

"ಅದು, ಅಮ್ಮ, ಹಾಡು ಇದೆಯಲ್ಲ," ಎಂದರು ಮೇಷ್ಟ್ರು.

"ಹಾಡು ಕೇಳಿಸ್ತು. ಆ ಮದುವೆಗೆ ಬಂದೋರೆಲ್ಲ ಮೂಗರಾ ಅಂತ ಕೇಳ್ತಿದ್ದೀನಿ."

ಉದ್ದನೆಯವನು ಏನೋ ಹೇಳಲು ಮುಂದೆ ಬಂದ, ಬೂಟು ಕಿರ್ ಎಂದಿತು. ಅತ್ತೆ ಅವನ ಕಡೆ ಸರಿಯಾಗಿ ಮುಖ ತಿರುಗಿಸಿದರು.

"ನೋಡಪ್ಪಾ, ಮೊಮ್ಮಗನ ಮದುವೇಲಿ ನನ್ನನ್ನ ಮುಂದಿನ ಸಾಲಲ್ಲೇ ಕೂರ್ಸಿದ್ರು. ಏನು ಬಂತು? ಒಬ್ಬೊಬ್ರೇ ಮಾತಾಡಿದ್ರೆ ನಂಗೆ ಇರುವೆ ನಡೆದಿದ್ದೂ ಕೇಳತ್ತೆ. ಹಾಲ್ ತುಂಬಾ ಜನ ಒಟ್ಟಿಗೆ ಬಾಯಿ ಬಿಟ್ಟು, ಮೇಲಿಂದ ಬ್ಯಾಂಡೂ ಶುರುವಾದ್ರೆ, ಗೊಯ್ ಅಂತ ಒಂದು ಸದ್ದು, ಅಷ್ಟೇ. ಇರ್ಲಿ, ವಿಡಿಯೋ ಬರತ್ತೆ, ಮನೇಲಿ ನಿಧಾನಕ್ಕೆ ಕೇಳ್ಕೊಳ್ಳೋಣ ಅಂತ ಕಾದೆ. ಬಂತು. ಪೂರ್ತಿ ಹಾಡು. ನನ್ನ ಮೊಮ್ಮಗ ತನ್ನ ಮದುವೆ ದಿನ ಬಾಯಿ ಬಿಟ್ಟು ಏನು ಹೇಳಿದ ಅಂತ ನಂಗೆ ಗೊತ್ತಿಲ್ಲ. ಇವಳದ್ದು ಈ ಮನೆಯ ಕೊನೇ ಮದುವೆ. ಇದೊಂದಾದ್ರೂ ನಂಗೆ ಕೇಳಿಸ್ಬೇಕು."

ಇದು ನನಗೂ ಹೊಸ ಸುದ್ದಿ. ದಿನವಿಡೀ ಮಾತಾಡುವ ಹೆಂಗಸು ಇದೊಂದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ವಿಡಿಯೋ ಹುಡುಗಿ ಎದ್ದು ಬಂದು ಅತ್ತೆಯ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ಅಜ್ಜಿ, ನಾನು ಎರಡು ಮಾಡ್ಕೊಡ್ತೀನಿ. ಇವರಿಗೆ ಹಾಡಿಂದು. ನಿಮಗೆ ಬರೀ ಮಾತಿಂದು."

"ಚಂದ ಮಾಡೋಕೆ ಹೋಗ್ಬೇಡ ಮತ್ತೆ. ಹೇಗಿರತ್ತೋ ಹಾಗೆ."

"ಅದಕ್ಕೇ ಅಜ್ಜಿ ಕ್ಯಾಂಡಿಡ್ ಅನ್ನೋದು."

"ಹಾಗಾದ್ರೆ ಇವರೇ ಆಗ್ಲಿ," ಎಂದರು ಅತ್ತೆ. ಮೇಷ್ಟ್ರ ಪ್ರಶ್ನೆಗಳು ಇನ್ನೂ ಅರ್ಧ ಬಾಕಿ ಇದ್ದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ದಾರಿಯಲ್ಲಿದೆ.

ಮದುವೆಗೆ ಮುಂಚೆ ಒಂದು ದಿನ ಮನೆಗೇ ಬಂದು ತೆಗೆಯುತ್ತೇವೆ, ನಿಮಗೂ ರೂಢಿಯಾಗುತ್ತದೆ ಎಂದಿದ್ದರು. ಹಾಗೆಯೇ ಬಂದರು. ನಾನು ಮಗಳ ಮದುವೆ ಬಟ್ಟೆಯ ಅಂಚು ಮಡಿಸುತ್ತಿದ್ದೆ. ಮೇಷ್ಟ್ರ ಕಾಲರಿಗೊಂದು, ನಾದಿನಿಯ ಸೆರಗಿಗೊಂದು ಕಡಲೆಕಾಳಿನಷ್ಟು ಮೈಕು ಸಿಕ್ಕಿಸಿ, "ಈಗ ನೀವು ದಿನಾ ಹೇಗೆ ಮಾತಾಡ್ತೀರೋ ಹಾಗೇ ಮಾತಾಡ್ತಾ ಇರಿ," ಎಂದಳು ವಿಡಿಯೋ ಹುಡುಗಿ.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು.

"ಪ್ರಿಯ ಪುತ್ರಿ, ನಾನೀಗ ಕುರ್ಚಿಯಲ್ಲಿ ಆಸೀನನಾಗುತ್ತಿದ್ದೇನೆ. ನನ್ನ ಎಡಭಾಗದಲ್ಲಿ ನಿನ್ನ ತಾಯಿ ಹೊಲಿಗೆ ಕಾರ್ಯದಲ್ಲಿ ನಿರತಳಾಗಿದ್ದಾಳೆ."

"ಅತ್ತಿಗೆಯವರೇ," ಎಂದಳು ನಾದಿನಿ, "ತಮಗೆ ಚಹಾ ತಂದುಕೊಡಲೇ?"

ನನಗೆ ಸೂಜಿ ಚುಚ್ಚಿತು. ಇವಳು ಹುಟ್ಟಿದಾಗಿನಿಂದ ನನಗೆ ಚಹಾ ತಂದುಕೊಟ್ಟವಳಲ್ಲ, ತಾವು ಎಂದವಳಂತೂ ಅಲ್ಲವೇ ಅಲ್ಲ. ನಾನಾದರೂ ಮನುಷ್ಯರ ಹಾಗೆ ಮಾತಾಡಿ ತೋರಿಸೋಣ ಎಂದು ಬಾಯಿ ತೆರೆದೆ. "ಬೇಡ, ಧನ್ಯವಾದಗಳು. ದಯಮಾಡಿ ಕುಳಿತುಕೊಳ್ಳಿ," ಎಂದು ಹೊರಬಂತು.

"ಅಮ್ಮಾ, ನೀನೂನಾ?" ಎಂದು ಮಗಳು ಅರ್ಧ ಹೊಲಿದ ಬಟ್ಟೆಯಲ್ಲೇ ನೆಲಕ್ಕೆ ಕೂತು ನಕ್ಕಳು.

ಕಣ್ಣಿಲ್ಲದವರಿಗೆ ಕಾಣಿಸಬೇಕಲ್ಲ ಎಂಬುದು ನಮ್ಮ ಕಾಳಜಿ. ಒಬ್ಬರು ಎದ್ದರೆ ಎದ್ದೆನೆಂದು ಸಾರಿದೆವು, ಬಾಗಿಲು ತೆರೆದರೆ ದ್ವಾರ ತೆರೆಯಿತೆಂದು ಘೋಷಿಸಿದೆವು. ನನಗಂತೂ ನಾವು ಬಹಳ ಚೆನ್ನಾಗಿ ಮಾಡಿದೆವು ಅನ್ನಿಸಿತು.

ಅಷ್ಟನ್ನೂ ಅತ್ತೆಗೆ ಹೆಡ್‌ಫೋನ್ ಹಾಕಿ ಕೇಳಿಸಿದರು. ಅವರು ತಲೆ ವಾಲಿಸಿಕೊಂಡು ಕೇಳಿದರು.

"ಇವರೆಲ್ಲ ಯಾರು?" ಎಂದರು.

"ನಾವೇ ಅಮ್ಮ," ಎಂದರು ಮೇಷ್ಟ್ರು.

"ನಮ್ಮನೆಯೋರು ಯಾವಾಗ ಬರ್ತಾರೆ ಹಾಗಾದ್ರೆ?" ಮತ್ತೆ ಸ್ವಲ್ಪ ಕೇಳಿ, ಹೆಡ್‌ಫೋನನ್ನು ತಾವೇ ತೆಗೆದು ಮಡಿಲಲ್ಲಿಟ್ಟುಕೊಂಡರು. "ಬಿಡಮ್ಮ. ಇದಕ್ಕಿಂತ ಆ ಹಾಡೇ ವಾಸಿ. ನಂಗೆ ಬೇಡ."

ಅವತ್ತು ಮಧ್ಯಾಹ್ನವೆಲ್ಲ ಅವರು ನನ್ನ ಜೊತೆ ಜಗಳವಾಡಲಿಲ್ಲ. ಬೇಕೆಂದೇ ಅವರ ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟೆ. ಸುಮ್ಮನೆ ಕುಡಿದರು. ನನಗೆ ಹೆದರಿಕೆಯಾಯಿತು.

ಮಾರನೆಯ ದಿನ ವಿಡಿಯೋ ಹುಡುಗಿ ಒಬ್ಬಳೇ ಬಂದಳು. ಅತ್ತೆಯ ಜೊತೆ ಹಿತ್ತಲಿನಲ್ಲಿ ಏನೋ ಗುಸುಗುಸು ಮಾಡಿ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದಳು. "ನಿಮಗೆಲ್ಲ ಮೈಕ್ ಕಂಡ್ರೆ ಮೈಮೇಲೆ ಬರತ್ತೆ. ಅದಕ್ಕೆ ಮದುವೆ ದಿನ ಮೈಕ್ ಇರತ್ತೆ ಅಂತ ಹೇಳ್ತೀನಿ, ಎಲ್ಲಿ ಅಂತ ಹೇಳಲ್ಲ. ನಿಮ್ಮೆಲ್ಲರ ಒಪ್ಪಿಗೆ ಇದ್ರೆ ಮಾತ್ರ. ಅಜ್ಜಿ ಒಪ್ಪಿದ್ದಾರೆ."

ನಾವೂ ಒಪ್ಪಿದೆವು. ಅತ್ತೆಯ ಬಾಯಿ ಮತ್ತೆ ತೆರೆಯುವುದಾದರೆ ನಾನು ಏನನ್ನಾದರೂ ಒಪ್ಪುತ್ತಿದ್ದೆ. ಬೀಗರ ಕಡೆಯವರಿಗೂ ಹೇಳಿ ಕಳಿಸಿದೆವು. ಮೇಷ್ಟ್ರು ಹಾಲಿನ ಬಾಗಿಲಿಗೆ ತೂಗುಹಾಕಲು ದುಂಡಕ್ಷರದಲ್ಲಿ ಒಂದು ಬೋರ್ಡನ್ನೂ ಬರೆದರು: ಇಲ್ಲಿ ಆಡಿದ ಮಾತು ಉಳಿಯುತ್ತದೆ, ಯೋಚಿಸಿ ಆಡಿ.

ಮದುವೆಯ ದಿನ ಬಂತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಮಾತನ್ನು ಅವತ್ತು ಕಣ್ಣಾರೆ ಕಂಡೆ. ಮೇಷ್ಟ್ರು ವೇದಿಕೆಯ ಪಕ್ಕದ ಹೂದಾನಿಯಲ್ಲಿ ಮೈಕಿದೆ ಎಂದು ಅದು ಹೇಗೋ ತೀರ್ಮಾನಿಸಿ, ಅದರ ಮುಂದೆ ಹಾದಾಗಲೆಲ್ಲ ಸುಭಾಷಿತದಂಥ ಒಂದು ವಾಕ್ಯ ಬಿಟ್ಟು ಮುಂದೆ ಹೋಗುತ್ತಿದ್ದರು. ನಾದಿನಿ ಬೀಗರ ಕಡೆಯ ಹೆಂಗಸರ ಬಟ್ಟೆಯ ಬಗ್ಗೆ ಮಾತಾಡಬೇಕಾದಾಗೆಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಬರುತ್ತಿದ್ದಳು. ಅವಳಿಗೆ ಆ ಬಟ್ಟೆಗಳ ಬಗ್ಗೆ ಹೇಳಲು ತುಂಬಾ ಇತ್ತು. ಪಾಪ, ಬಿಸಿಲಿಗೆ ಕೆಂಪಾಗಿಬಿಟ್ಟಳು.

ನನಗೆ ಮೈಕಿನ ನೆನಪೇ ಬರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಸುಮ್ಮನೆ ಅಂದಿಲ್ಲ. ಊಟದವರು ತಟ್ಟೆ ಕಡಿಮೆ ತಂದಿದ್ದರು. ಮಗಳ ಬೆನ್ನಿನ ಹೊಲಿಗೆ ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಂಡಿತು, ಅದೂ ನಾನೇ ಹಾಕಿದ ಹೊಲಿಗೆ. ಬಾಯಲ್ಲಿ ಸೂಜಿ ಕಚ್ಚಿಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿದೆ. ಅತ್ತೆಯನ್ನು ಮುಂದಿನ ಸಾಲಿನ ತುದಿಯಲ್ಲಿ, ಶಾಲು ಹೊದೆಸಿ, ಗಾಳಿ ಬರುವ ಕಡೆ ಕೂರಿಸಿದ್ದೆವು. ಅದೊಂದು ಕೆಲಸವಾದರೂ ಸರಿಯಾಯಿತೆಂದು ಸಮಾಧಾನ ಪಟ್ಟುಕೊಂಡೆ. ಉಂಗುರ ತೊಡಿಸಿದರು, ಸಹಿ ಹಾಕಿದರು, ಬ್ಯಾಂಡಿನವರು ಚಾವಣಿ ಹಾರಿಹೋಗುವ ಹಾಗೆ ಬಾರಿಸಿದರು. ಸಂಜೆಗೆ ಮಗಳು ಗಂಡನ ಊರಿನ ರೈಲು ಹತ್ತಿದಳು.

ಹೊಸ ಊರಿನಿಂದ ದಿನಾ ಫೋನ್ ಮಾಡುತ್ತಿದ್ದಳು. ಹಲೋ ಎನ್ನುವುದಕ್ಕೂ ಮೊದಲು, "ಅಜ್ಜಿ ಏನಾದ್ರೂ ಅಂದ್ಲಾ?" ಎನ್ನುತ್ತಿದ್ದಳು.

"ಏನನ್ಬೇಕಿತ್ತು? ಚೆನ್ನಾಗಿದ್ದಾರೆ. ಚಹಾದಲ್ಲಿ ಸಕ್ಕರೆ ಹೆಚ್ಚಾಯ್ತು ಅಂದ್ರು."

"ಏನಿಲ್ಲ ಬಿಡು," ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು. ಹೊಸದಾಗಿ ಮದುವೆಯಾದವಳು, ಮನೆ ನೆನಪಾಗುತ್ತದೆ ಎಂದುಕೊಂಡು ನಾನೂ ಬಿಟ್ಟೆ.

ಫೋಟೋಗಳು ಮೊದಲು ಬಂದವು. ಉದ್ದನೆಯವನು ಅವತ್ತು ಬೂಟು ಕಳಚಿಟ್ಟು ಬರೀ ಕಾಲುಚೀಲದಲ್ಲಿ ಓಡಾಡಿದ್ದನಂತೆ, ಹಾಗಾಗಿ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಮೇಷ್ಟ್ರು ಹೂದಾನಿಗೆ ಕೈ ಮಾಡಿ ಪಾಠ ಹೇಳುತ್ತಿರುವುದು ಒಂದು. ನಾದಿನಿ ಕಾರಿನ ಹಿಂದೆ ಯಾರದೋ ತೋಳಿನ ಅಗಲವನ್ನು ಕೈಯಲ್ಲಿ ಅಳೆದು ತೋರಿಸುತ್ತಿರುವುದು ಇನ್ನೊಂದು. ನನ್ನದು ಎಲ್ಲದರಲ್ಲೂ ಬಾಯಿ ತೆರೆದೇ ಇದೆ, ಊಟದವನ ಮುಂದೆ, ಬ್ಯಾಂಡಿನವನ ಮುಂದೆ, ಒಂದರಲ್ಲಿ ಗೋಡೆಯ ಮುಂದೆ. ಮಗಳ ಫೋಟೋಗಳು ಮಾತ್ರ ಎಷ್ಟು ಚೆನ್ನಾಗಿದ್ದವೆಂದರೆ ಮನೆಯವರೆಲ್ಲ ಮತ್ತೆ ಮತ್ತೆ ನೋಡಿದೆವು. ಅತ್ತೆಯೂ ಅದನ್ನು ಗಮನಿಸಿದರು.

ಅತ್ತೆಗೆಂದು ಮಾಡಿದ ಮಾತಿನ ವಿಡಿಯೋ ಕೊಡಲು ವಿಡಿಯೋ ಹುಡುಗಿ ತಾನೇ ಬಂದಳು. ಅಂಗಡಿಯ ಬಾಗಿಲು ಅರ್ಧ ಎಳೆದು ಎಲ್ಲರೂ ಸುತ್ತ ಕೂತೆವು. ಅವರವರು ಅವತ್ತು ಆಡಿದ್ದು ಅವರವರಿಗೆ ನೆನಪಾಗಿ ಮುಖಗಳು ಬಿಳಿಚಿಕೊಂಡಿದ್ದವು.

"ಮೊದಲು ಮೈಕ್ ಎಲ್ಲಿತ್ತು ಹೇಳ್ಬಿಡು," ಎಂದಳು ನಾದಿನಿ. "ಕಾರಿನ ಹತ್ರ ಇತ್ತಾ?"

"ಅಜ್ಜಿಯ ಶಾಲಿನ ಮಡಿಕೇಲಿ," ಎಂದಳು ಅವಳು. "ಮನೆಗೆ ಹಿರಿಯರು, ಎಲ್ರೂ ಅವರ ಹತ್ರ ಬಂದೇ ಬರ್ತಾರೆ, ಕೂತು ಮಾತಾಡ್ತಾರೆ, ಎಲ್ಲರ ದನಿಯೂ ಅಲ್ಲೇ ಸಿಗತ್ತೆ ಅಂದ್ಕೊಂಡಿದ್ದೆ."

ನಾದಿನಿ ನಿಟ್ಟುಸಿರು ಬಿಟ್ಟಳು. ನನಗೆ ಅವಮಾನವಾಯಿತು. ದಾರದ ಎಳೆ ಹೆಚ್ಚುಕಮ್ಮಿಯಾದರೆ ದೂರದಿಂದಲೇ ಹಿಡಿಯುವವಳು, ನಾನೇ ಹೊದೆಸಿದ ಶಾಲಿನೊಳಗಿನ ಮೈಕು ನನಗೆ ಕಂಡಿರಲಿಲ್ಲ. ಹುಡುಗಿ ಯಾಕೋ ನಮ್ಮ ಮುಖ ನೋಡದೆ ಗುಂಡಿ ಒತ್ತಿದಳು.

ಮೊದಲು ಗೊಯ್ ಎಂಬ ಗದ್ದಲ. ಅದರ ನಡುವೆ ಅತ್ತೆಯ ಉಸಿರು. ಆಮೇಲೆ ಮೇಷ್ಟ್ರ ದನಿ, "ಅಮ್ಮಾ, ಇಲ್ಲೇ ಕೂತಿರು. ಈಗ ಬಂದೆ."

ಎಷ್ಟು ಸಹಜವಾಗಿತ್ತೆಂದರೆ ನಾವೆಲ್ಲ ತಲೆದೂಗಿದೆವು.

"ಅತ್ತೆ, ಇಲ್ಲೇ ಕೂತಿರಿ, ಏಳ್ಬೇಡಿ. ಈಗ ಬಂದೆ." ಇದು ನಾನು. ಬಾಯಲ್ಲಿ ಸೂಜಿ ಇದ್ದದ್ದೂ ಗೊತ್ತಾಗುತ್ತಿತ್ತು.

"ಅಮ್ಮ, ಇಲ್ಲೇ ಇರು, ಕಾರಿನ ಹತ್ರ ಹೋಗಿ ಬಂದ್ಬಿಡ್ತೀನಿ." ನಾದಿನಿ. ಎಲ್ಲರೂ ನಕ್ಕೆವು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.

"ಅಜ್ಜಿ, ಕೂತಿರು, ಬಂದೆ." ಮಗ. "ಅಜ್ಜಿ, ಈಗ ಬಂದ್ವಿ." ಸೊಸೆ. ಮತ್ತೆ ಮೇಷ್ಟ್ರು. ಮತ್ತೆ ನಾನು. ಯಾರೋ ಅಪರಿಚಿತರು ಬಂದು, "ಪಕ್ಕದ ಕುರ್ಚಿ ಖಾಲಿ ಇದ್ಯಾ?" ಎಂದರು. "ಇದೆ, ಕೂತ್ಕೊಳ್ಳಿ," ಎಂದರು ಅತ್ತೆ, ಆಸೆಯಿಂದ. ಅವರು ಕುರ್ಚಿಯನ್ನು ಎತ್ತಿಕೊಂಡು ಹೋದ ಸದ್ದು ಕೇಳಿಸಿತು.

"ಅತ್ತೆ, ಇಲ್ಲೇ ಕೂತಿರಿ, ಈಗ ಬಂದೆ." ಮತ್ತೆ ನಾನೇ. ಬಂದೆ ಬಂದೆ ಎಂದವರು ಯಾರೂ ಬರಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ. ಮೇಷ್ಟ್ರು ತಮ್ಮ ಕಾಲ ಬೆರಳು ನೋಡುತ್ತಾ ಕೂತಿದ್ದರು. ನನಗೆ ಎದ್ದು ಆ ಯಂತ್ರವನ್ನು ಆರಿಸಿಬಿಡಬೇಕು ಅನ್ನಿಸಿತು.

ಅತ್ತೆ ಮಾತ್ರ ಹಬ್ಬ ಬಂದವರ ಹಾಗೆ ಕೂತಿದ್ದರು. "ಇವರು ನಮ್ಮನೆಯೋರು," ಎಂದು ಹುಡುಗಿಗೆ ಹೇಳಿದರು. "ಈಗ ಗುರುತು ಸಿಕ್ತು."

ಆಮೇಲೆ ಬ್ಯಾಂಡು ಶುರುವಾಯಿತು. ಬಟ್ಟೆ ಸರಿದ ಸದ್ದು. ತೀರಾ ಹತ್ತಿರದಲ್ಲಿ ಮಗಳ ದನಿ, "ಅಜ್ಜಿ, ನಾನು." ಮುಂದಿನದೆಲ್ಲ ಬ್ಯಾಂಡಿನಲ್ಲಿ ಮುಳುಗಿಹೋಯಿತು.

ಅತ್ತೆ ನೆಟ್ಟಗೆ ಕೂತರು. "ನಿಲ್ಸು, ನಿಲ್ಸು. ಇದೇ ನಂಗೆ ಬೇಕಾಗಿದ್ದು. ಬ್ಯಾಂಡು ಕಮ್ಮಿ ಮಾಡೋಕಾಗತ್ತಾ?"

"ಯಾಕಜ್ಜಿ?"

"ಅವಳು ಬಂದು ನನ್ನ ಕಿವಿ ಹತ್ರ ಏನೋ ಕೇಳಿದ್ಲು. ಆ ದರಿದ್ರ ಬ್ಯಾಂಡಲ್ಲಿ ನಂಗೆ ಒಂದಕ್ಷರ ಕೇಳಿಸ್ಲಿಲ್ಲ. ಮದುಮಗಳು, ಎರಡೆರಡು ಸಲ ಹೇಳಿಸೋದ್ಯಾಕೆ ಅಂತ ಹೂಂ ಅಂದ್ಬಿಟ್ಟೆ. ಕೈ ಗಟ್ಟಿಯಾಗಿ ಹಿಡ್ಕೊಂಡು ಒತ್ತಿ ಹೋದ್ಲು. ಏನಕ್ಕೆ ಹೂಂ ಅಂದೆ ಅಂತ ಅವತ್ತಿಂದ ತಲೆ ತಿಂತಿದೆ."

"ಫೋನಲ್ಲೇ ಕೇಳ್ಬಹುದಿತ್ತಲ್ಲ ಅತ್ತೆ," ಎಂದೆ.

"ಅಜ್ಜಿ ಕೇಳಿಸ್ಕೊಳ್ದೇನೇ ಹೂಂ ಅಂದ್ಲು ಅಂತ ಅವಳಿಗೆ ಗೊತ್ತಾಗ್ಲಾ? ಅಷ್ಟೂ ತಿಳಿಯಲ್ವಾ ನಿಂಗೆ?"

ಹುಡುಗಿ ಲ್ಯಾಪ್‌ಟಾಪಿನಲ್ಲಿ ಏನೇನೋ ಎಳೆದಳು, ಇಳಿಸಿದಳು. ಬ್ಯಾಂಡು ಪಕ್ಕದ ಬೀದಿಗೆ ಹೋದಂತಾಯಿತು. ಮಗಳ ದನಿ ಮೇಲೆದ್ದಿತು.

"ಅಜ್ಜಿ, ನಾನು. ನೀನು ಬಂದು ನಮ್ಮ ಜೊತೇಲೇ ಇರ್ತೀಯಾ? ಅವರ ಹತ್ರ ಮಾತಾಡಿದ್ದೀನಿ, ಅವರೂ ಕರ್ಕೊಂಡ್ಬಾ ಅಂದ್ರು. ಹೊಸ ಊರು, ಅವರು ಕೆಲಸಕ್ಕೆ ಹೋದ್ರೆ ನಾನೊಬ್ಳೇ, ನಂಗೆ ಭಯ ಆಗತ್ತೆ. ಬೀದಿ ಕಡೆ ಕಿಟಕಿ ಇರೋ ರೂಮು ನಿಂಗೇ ಅಂತ ಇಟ್ಟಿದ್ದೀನಿ, ಎಲ್ಲಾ ಕೇಳತ್ತೆ. ಅಮ್ಮಂಗೆ ನಾನು ಹೇಳಿಲ್ಲ, ಅವಳು ಬಿಡಲ್ಲ. ನೀನೇ ಮನಸ್ಸು ಮಾಡಿ ಅವಳಿಗೆ ಹೇಳು, ನಾನು ಕಾಯ್ತಿರ್ತೀನಿ. ಬರ್ತೀಯಲ್ಲ?"

"ಹೂಂ," ಎಂದಿತು ಅತ್ತೆಯ ದನಿ, ಆರಾಮಾಗಿ.

ಹುಡುಗಿ ನಿಲ್ಲಿಸಿದಳು. ಅತ್ತೆ ಮಡಿಲಲ್ಲಿದ್ದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡರು.

ಮೇಷ್ಟ್ರು ಮೊದಲು ಮಾತಾಡಿದರು. "ಈ ವಯಸ್ಸಲ್ಲಿ ಹೊಸ ಮನೆ ಹೇಗಾಗತ್ತಮ್ಮ? ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ, ಒಂದೂ ಗೊತ್ತಿರಲ್ಲ. ಇಲ್ಲಾದ್ರೆ ಎಲ್ಲ ಅಭ್ಯಾಸ ಆಗಿದೆ."

"ಮದುವೆ ಗಡಿಬಿಡೀಲಿ ಏನೋ ಅಂದಿರ್ತಾಳೆ," ಎಂದಳು ನಾದಿನಿ. "ಇಷ್ಟು ಹೊತ್ತಿಗೆ ಮರ್ತೂ ಬಿಟ್ಟಿರ್ತಾಳೆ."

ಅತ್ತೆ ನನ್ನ ಕಡೆ ಮುಖ ಮಾಡಿದರು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದರು. ದಿನಾ ಫೋನಿನಲ್ಲಿ ಮಗಳು ಕೇಳುತ್ತಿದ್ದ ಪ್ರಶ್ನೆ ನನಗೆ ಈಗ ಅರ್ಥವಾಗಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ. ಹೌದು, ಮರೆತಿರುತ್ತಾಳೆ ಎಂದು ನಾನೂ ತಲೆಯಾಡಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ನಾಳೆ ಬೆಳಿಗ್ಗೆಯೂ ಅತ್ತೆ ನನ್ನ ಪಕ್ಕದಲ್ಲೇ ಕೂತು ನನ್ನ ಚಹಾಕ್ಕೆ ಹೆಸರಿಡುತ್ತಿದ್ದರು. ಬಾಯಿ ಮುಚ್ಚಿಕೊಂಡಿರು, ಒಂದು ಸಲವಾದರೂ ಬಾಯಿ ಮುಚ್ಚಿಕೊಂಡಿರು ಎಂದು ನನಗೆ ನಾನೇ ಹೇಳಿಕೊಂಡೆ.

"ಮರ್ತಿಲ್ಲ ಅತ್ತೆ," ಎಂದೆ. "ದಿನಾ ಕೇಳ್ತಾಳೆ, ಅಜ್ಜಿ ಏನಾದ್ರೂ ಅಂದ್ಲಾ ಅಂತ. ನಂಗೇ ತಲೆಗೆ ಹೋಗಿರ್ಲಿಲ್ಲ."

"ಹಾಗಾದ್ರೆ ಕೂಸು ಅವತ್ತಿಂದ ಕಾಯ್ತಿದೆ," ಎಂದರು ಅತ್ತೆ. "ಫೋನ್ ಹಚ್ಚೇ."

ಹಚ್ಚಿದೆ. ಒಂದೇ ರಿಂಗಿಗೆ ಎತ್ತಿಕೊಂಡಳು. "ಅಮ್ಮಾ, ಅಜ್ಜಿ ಏನಾದ್ರೂ ಅಂದ್ಲಾ?"

ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದೆ.

"ನಾನೇ ಕಣೇ," ಎಂದರು ಅತ್ತೆ. "ಅವತ್ತು ನಂಗೆ ಏನೂ ಕೇಳಿಸ್ದೆ ಹೂಂ ಅಂದಿದ್ದೆ."

ನನ್ನ ಕೈಯನ್ನೂ ಸೇರಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು.

"ಇವತ್ತು ಪೂರ್ತಿ ಕೇಳಿಸ್ಕೊಂಡೆ. ಈಗ ಹೇಳ್ತಿದ್ದೀನಿ. ಹೂಂ."

ಮಗಳು ಅತ್ತಿದ್ದು ನಮಗೆಲ್ಲ ಕೇಳಿಸಿತು. ವಿಡಿಯೋ ಹುಡುಗಿ ಕ್ಯಾಮೆರಾ ಚೀಲದ ಜಿಪ್ಪು ಎಳೆಯುವುದಕ್ಕೆ ಆ ಕಡೆ ತಿರುಗಿಕೊಂಡಳು. ನಾನು ಫೋನು ಕಿತ್ತುಕೊಂಡೆ.

"ಅಳೋದು ಆಮೇಲೆ, ಮೊದಲು ಹೇಳಿದ್ದು ಕೇಳು. ಅವರ ಕುರ್ಚಿ ಒಂದು ಸಲ ಇಟ್ಟ ಜಾಗದಿಂದ ಅಲುಗಾಡಿಸ್ಬಾರ್ದು. ಬಾಗಿಲು ಅರ್ಧ ತೆಗೆದಿಡ್ಬೇಡ, ಪೂರ್ತಿ ತೆಗಿ, ಇಲ್ಲ ಪೂರ್ತಿ ಹಾಕು. ಚಹಾ ಬಾಯಿ ಸುಡೋ ಹಾಗಿರ್ಬೇಕು. ಸಕ್ಕರೆ ಎಷ್ಟು ಹಾಕಿದ್ರೂ ಹೆಚ್ಚಾಯ್ತು ಅಂತಾರೆ, ನೀನು ಹಾಕು. ಹತ್ರ ಹೋಗೋವಾಗ ಯಾರು ಅಂತ ಹೇಳ್ಕೊಂಡು ಹೋಗು. ದಿನಕ್ಕೊಂದು ಸಲ ಏನಾದ್ರೂ ನೆಪ ತೆಗೆದು ಜಗಳ ಆಡು, ಸೋಲ್ಬೇಡ, ನೀನು ಸೋತ್ರೆ ಅವರಿಗೆ ರುಚಿಸಲ್ಲ, ನಾನು ಇಷ್ಟು ವರ್ಷ ಒಂದು ದಿನಾನೂ..."

"ಅಮ್ಮಾ? ಅಮ್ಮಾ, ಇದ್ದೀಯಾ?" ಎನ್ನುತ್ತಿದ್ದಳು ಮಗಳು. ಅತ್ತೆ ಗಾಳಿಯಲ್ಲಿ ಕೈ ಚಾಚಿ ಹುಡುಕಿ, ನನ್ನ ಮೊಣಕೈ ಹಿಡಿದುಕೊಂಡರು.